ಪಂಪು, ಪೈಪು, ಪಂಚಾಂಗ

ಪೈಪು ಒಡೆಯುವಾಗ ಪಂಚಾಂಗ ನೋಡುವುದಿಲ್ಲ. ಒಡೆದ ಪೈಪಿನ ಯಜಮಾನರು ನೋಡುತ್ತಾರೆ. ನನ್ನ ಕಸುಬಿನ ಕಷ್ಟವೆಲ್ಲ ಇಷ್ಟರಲ್ಲೇ ಇದೆ, ಅದು ಮನೆಗೊಂದು ರೂಪದಲ್ಲಿ ಬಂದು ನನ್ನ ತಲೆ ತಿನ್ನುತ್ತಲೇ ಇರುತ್ತದೆ.

ಮಹಾಯುದ್ಧ ಮುಗಿದ ಹೊಸತು. ಬೊಂಬಾಯಿಯಲ್ಲಿ ಪೈಪು, ಪಂಪು, ನಲ್ಲಿಗಳ ಕೆಲಸ ಕಲಿತು ಕುಂದಾಪುರಕ್ಕೆ ವಾಪಸು ಬಂದಿದ್ದೆ. ಪೇಟೆಯ ಹಳೇ ಉಪ್ಪರಿಗೆ ಮನೆಗಳಲ್ಲಿ, ಹೋಟೆಲು ನಡೆಸಿ ದುಡಿದವರು ಹಿಂದೆಂದೋ ಬಾವಿಗೆ ಕೈಪಂಪು, ಬಚ್ಚಲಿಗೆ ಪೈಪು ಹಾಕಿಸಿದ್ದರು. ಹಾಕಿಸಿದವರು ತೀರಿಕೊಂಡಿದ್ದರು, ಪೈಪು ತುಕ್ಕು ಹಿಡಿದಿತ್ತು. ನನಗೆ ಇನ್ನೇನು ಬೇಕು?

ಅಮ್ಮ ಮಾತ್ರ ಗಡುವು ಇಟ್ಟಳು. "ಮಳಿಗಾಲದ ಮುಂಚಿನ ಕಡೀ ಹಡಗ್ ಹೋಪುದ್ರೊಳಗೆ ನಿನ್ನ್ ಕೆಲ್ಸ ಊರಂಗೆ ಹಿಡಿದ್ರೆ ಸೈ. ಇಲ್ದಿರೆ ಬೊಂಬಾಯಿಗೆ ಹೋಯಿ ಮಾವನ ಹೋಟ್ಲಂಗೆ ಗ್ಲಾಸ್ ತೊಳಿ."

ಆ ಮಾವನ ಹೋಟೆಲಿನಲ್ಲಿ ನಾನು ಮೊದಲೇ ಗ್ಲಾಸು ತೊಳೆದವನು. ಮಾವನ ಬಾಯಿಗಿಂತ ಬಚ್ಚಲ ಚರಂಡಿ ಎಷ್ಟೋ ವಾಸಿ. ಏನೇ ಆದರೂ ಊರಲ್ಲೇ ಉಳಿಯಬೇಕು ಅಂತ ಹಠ ತೊಟ್ಟೆ.

ಬಸಳೆ ಚಪ್ಪರ

ಮೊದಲ ಕರೆ ಬಂದದ್ದು ಬ್ರಹ್ಮಾವರದಿಂದ. ಬಾವಿಯಿಂದ ಬಚ್ಚಲಿಗೆ ಹೋಗುವ ಪೈಪು ಅಂಗಳದ ಮೂಲೆಯಲ್ಲಿ ಸೋರುತ್ತಿತ್ತು. ನಾನು ಚೀಲ ಬಿಚ್ಚಿದೆ. ಯಜಮಾನರು ಪಂಚಾಂಗ ಬಿಚ್ಚಿದರು.

"ಇವತ್ ಮಂಗ್ಳವಾರ. ಕಬ್ಣ ಮುಟ್ಟುಕಾಗ."

"ನೀರ್ ಸೋರ್ತಾ ಇತ್ತಲೆ ಮರಾಯ್ರೆ?"

"ಸೋರ್ಲಿ. ಅದ್ ನಾವ್ ಶುರು ಮಾಡದ್ದಲ್ಲ."

ಮರುದಿನ ಹೋದರೆ ರಾಹುಕಾಲ. ಆಮೇಲೆ ಅಮಾವಾಸ್ಯೆ. ಅದು ಕಳೆಯಿತು ಅನ್ನುವಾಗ ದಾಯಾದಿಗಳಲ್ಲಿ ಯಾರೋ ತೀರಿಕೊಂಡು ಸೂತಕ. ನಡೆದು ನಡೆದು ನನ್ನ ಚಪ್ಪಲಿ ಸವೆಯಿತು. ಅಂತೂ ಒಂದು ಶುಭ ಗಳಿಗೆ ಕೂಡಿಬಂದು ನಟ್ಟು ತಿರುಗಿಸುವ ಪಾನಾ ಎತ್ತಿದೆ. ಒಳಗಿಂದ ಮನೆಯಾಕೆ ಸೌಟು ಹಿಡಿದೇ ಓಡಿ ಬಂದರು.

"ಹ್ವಾಯ್! ಎಂತ ಮಾಡ್ತೆ? ಅದನ್ ಮುಟ್ಬೇಡ!"

ನೋಡಿದರೆ, ಇಷ್ಟು ದಿನ ಸೋರಿದ ನೀರು ಕುಡಿದು ಆ ಮೂಲೆಯ ಬಸಳೆ ಬಳ್ಳಿ ಚಪ್ಪರ ತುಂಬಿ ಜೋತು ಬಿದ್ದಿತ್ತು. "ನೀರ್ ನಿಂತ್ರೆ ನನ್ನ್ ಬಸಳಿ ಗತಿ ಎಂತ?" ಅಂದರು ಆಕೆ.

ನಾನು ಯಜಮಾನರ ಮುಖ ನೋಡಿದೆ. ಅವರು ಆಕಾಶ ನೋಡಿದರು. ಕಡೆಗೆ ನನ್ನ ಮೇಲೆ ಕನಿಕರ ಬಂದು ಹೇಳಿದರು: "ಇಷ್ಟ್ ದೂರ ಬಂದದ್ದ್ ಬಂದಿದ್ದೆ. ಆಚಿ ಬದಿಗೆ ತೊಂಡಿ ಚಪ್ರ ಇತ್ತ್. ಅಲ್ಲೊಂದ್ ಸಣ್ಣ ಸೋರಿಕಿ ಮಾಡಿ ಕೊಟ್ಟಿಕ್ ಹೋಗ್."

ನನ್ನ ನೀರು, ಅವರ ನೀರು

ಬೈಂದೂರಿನ ಮನೆಯ ಪಂಪಿನಲ್ಲಿ ಗಾಳಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ದಿನವಿಡೀ ಕೂತು ಸರಿಮಾಡಿದೆ. ಇಂಥ ಪಂಪಿಗೆ ಮೊದಲು ತಲೆಯ ಮೇಲಿಂದ ಒಂದು ಕೊಡ ನೀರು ಹೊಯ್ಯಬೇಕು. ಆಗಲೇ ಅದು ಬಾವಿಯ ನೀರನ್ನು ಎಳೆಯುವುದು. ಮನೆಯವರ ಹತ್ತಿರ ನೀರು ಕೇಳಿದೆ.

"ಎಂತ? ನೀರಿಲ್ಲ ಅಂದೇ ನಿನ್ನನ್ ಕರ್ಸದ್ದ್. ನೀನೇ ನೀರ್ ಕೇಂತ್ಯಲೆ!"

ಗೊಣಗುತ್ತ ಬಾವಿಯಿಂದ ಒಂದು ಕೊಡ ಸೇದಿ ಕೊಟ್ಟರು. ಹೊಯ್ದು ಹಿಡಿಕೆ ಒತ್ತಿದೆ. ನೀರು ಧಾರೆಯಾಗಿ ಬಂತು. ಯಜಮಾನರ ಮುಖ ಮಾತ್ರ ಅರಳಲಿಲ್ಲ.

"ಇದ್ ಈಗ ನೀ ಹೊಯ್ದದ್ದೇ ಅಲ್ದಾ?"

"ಅಲ್ಲ ಮರಾಯ್ರೆ, ಬಾವಿದ್."

"ನಾ ಕಣ್ಣಾರೆ ಕಂಡಿದೆ. ನೀ ಹೊಯ್ದೆ, ಅದ್ ಹೊರಗ್ ಬತ್ತಾ ಇತ್ತ್. ಹೊಡಿ, ಹೊಡಿ. ನಿಂದ್ ಮುಗ್ದ್ ಮೇಲೆ ಕಾಂಬ."

ಕೊಡ ತುಂಬಿತು, ಹಂಡೆ ತುಂಬಿತು, ದನದ ಬಾನಿ ತುಂಬಿ ಹಟ್ಟಿಯೊಳಗೆ ಹರಿಯಿತು. ನನ್ನ ರಟ್ಟೆ ಬಿದ್ದು ಹೋಯಿತು. ಹೊತ್ತು ಮುಳುಗುವಾಗ ಅವರು ಬೊಗಸೆಯೊಡ್ಡಿ ಕುಡಿದು ತಲೆಯಾಡಿಸಿದರು. "ಹಾಂ, ಈಗ ಬಂತ್ ಕಾಣ್ ನಮ್ಮ್ ಬಾವಿದ್. ನಿಂದ್ ಸಪ್ಪಿ ಇದ್ದಿತ್."

ನಾನು ಊರು ಮುಟ್ಟುವ ಮೊದಲೇ ಸುದ್ದಿ ಬಸ್ಸು ಹತ್ತಿ ಕುಂದಾಪುರ ಮುಟ್ಟಿತ್ತು: ಪಂಪಿನವನು ಕೊಟ್ಟ ನೀರನ್ನೇ ತಿರುಗಿ ಕೊಡುತ್ತಾನಂತೆ. ಅಮ್ಮ ಅಟ್ಟದಿಂದ ಟ್ರಂಕು ಇಳಿಸಿದಳು.

ಅಜ್ಜಿಯ ತೀರ್ಪು

ಹಡಗಿಗೆ ಕೆಲವೇ ದಿನ ಉಳಿದಿರುವಾಗ ಪೇಟೆಯ ಒಂದು ದೊಡ್ಡ ಮನೆಯಿಂದ ಕರೆ ಬಂತು. ಮೊಮ್ಮಗನ ಮುಂಜಿ, ಮನೆ ತುಂಬ ನೆಂಟರು, ಪಂಪು ಕೆಟ್ಟು ಕೂತಿತ್ತು. ಇಷ್ಟು ಜನರ ಎದುರು ನೀರು ಬಂದರೆ ನನ್ನ ಕಸುಬು ಉಳಿಯಿತು, ಬರದಿದ್ದರೆ ಗ್ಲಾಸು ತೊಳೆಯುವುದೇ ಗತಿ.

ಮನೆಯ ಆಡಳಿತ ಅಜ್ಜಿಯದ್ದು. ಮಹಾ ಮಡಿ. ಪಂಪು ಮುಟ್ಟುವ ಮೊದಲು ನಾನು ಸ್ನಾನ ಮಾಡಬೇಕಂತೆ. ನೀರು ಬರಿಸಲು ಬಂದವನು ನೀರು ಸೇದಿ, ಮಿಂದು, ಒದ್ದೆ ಪಂಚೆಯಲ್ಲಿ ಪಂಪು ಬಿಚ್ಚಿದೆ. ಒಳಗಿನ ವಾಶರು ಹರಿದಿತ್ತು. ತೆಗೆದು ಜಗಲಿಯ ಮೇಲಿಟ್ಟೆ.

"ಅದೆಂತದಾ?" ಅಂದರು ಅಜ್ಜಿ.

"ವಾಶರ್, ಅಮ್ಮ. ಚರ್ಮದ್ದ್."

ಹೇಳಬಾರದಿತ್ತು. ಅಜ್ಜಿ ಕಂಬ ಹಿಡಿದುಕೊಂಡರು. "ಚರ್ಮವಾ! ರಾಮ ರಾಮ! ನಮ್ಮನಿ ಯಜಮಾನ್ರ್ ಸಾಯು ತನ್ಕ ಇದೇ ನೀರಂಗೆ ಪೂಜಿ ಮಾಡಿರಲ್ದಾ!"

ಮನೆಗೆಲ್ಲ ಪಂಚಗವ್ಯ ಪ್ರೋಕ್ಷಣೆಯಾಯಿತು. ಪಂಪಿನ ಬಾಯಿಗೂ ಒಂದು ಉದ್ಧರಣೆ ಕುಡಿಸಿದರು. ಆಮೇಲೆ ತೀರ್ಪು ಬಂತು: "ಚರ್ಮ ಬಿಟ್ಟ್ ಬೇರೆ ಎಂತ ಬೇಕಾರೂ ಹಾಕ್."

ಯುದ್ಧದ ದೆಸೆಯಿಂದ ರಬ್ಬರು ಇನ್ನೂ ಪೇಟೆಗೆ ಬಂದಿರಲಿಲ್ಲ. ಅಜ್ಜಿ ಅಡಿಕೆ ಹಾಳೆ ಕೊಟ್ಟರು, ಅದು ಪುಡಿಯಾಯಿತು. ತೆಂಗಿನ ನಾರು ಕೊಟ್ಟರು, ನೀರಿನ ಬದಲು ನಾರೇ ಬಂತು. ಕಡೆಗೆ ಮಡಿಸೀರೆಯ ಸೆರಗನ್ನೇ ಹರಿದು ಕೊಟ್ಟರು. ಪಂಪು ನರಳಿತೇ ಹೊರತು ಹನಿ ಬಿಡಲಿಲ್ಲ. ನೆಂಟರು ಚೊಂಬು ಹಿಡಿದು ನನ್ನನ್ನೇ ನೋಡುತ್ತ ನಿಂತರು. ಅಳುವುದೊಂದು ಬಾಕಿ ಇತ್ತು.

ಅಷ್ಟರಲ್ಲಿ ಮುಂಜಿ ಮಾಡಿಸುವ ಭಟ್ಟರು ಬಂದರು. ಕಂಕುಳಲ್ಲಿ ಜಿಂಕೆ ಚರ್ಮ. ಅವರು ಜಪಕ್ಕೆ ಕೂರುವುದು ಅದರ ಮೇಲೆಯೇ, ಮುಂಜಿಯ ಮಾಣಿಯ ಜನಿವಾರಕ್ಕೆ ಕಟ್ಟುವ ಚೂರು ಕತ್ತರಿಸುವುದೂ ಅದರಿಂದಲೇ. ಅಜ್ಜಿಯ ಕಣ್ಣು ಅದರ ಮೇಲೆ ಬಿತ್ತು.

"ಭಟ್ರೆ, ಅದ್ ಚರ್ಮ ಅಲ್ದಾ?"

"ಎಂತ ಮಾತಾಡ್ತ್ರಿ? ಇದ್ ಕೃಷ್ಣಾಜಿನ! ಇದ್ರಷ್ಟ್ ಮಡಿ ಬೇರೆ ಎಂತದೂ ಇಲ್ಲ. ನೀರಿಗೆ ಹಾಕಿರೆ ನೀರೇ ಶುದ್ಧ ಆತ್ತ್." ಶಾಸ್ತ್ರ ಹೇಳುವ ಹುರುಪಿನಲ್ಲಿ ಭಟ್ಟರು ಒಂದು ಮಾತು ಹೆಚ್ಚೇ ಹೇಳಿದರು.

ಅವರು ಚರ್ಮವನ್ನು ಜಗಲಿಯ ಮೇಲಿಟ್ಟು ಕಾಲು ತೊಳೆಯಲು ಹೋದರು. ಅಜ್ಜಿ ಅದನ್ನು ತಂದು ನನ್ನ ಮುಂದೆ ಹಾಸಿದರು. "ಕೊಯ್ಯ್!"

ಬೇಡ ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಲಬದಿಯಲ್ಲಿ ದಪ್ಪ ನೋಡಿ ದುಂಡಗೆ ಕೊಯ್ದೆ. ಉಳಿದದ್ದನ್ನು ಅಜ್ಜಿ ಸುತ್ತಿ ಇದ್ದಲ್ಲೇ ಇಟ್ಟರು. ನಾನು ರೋಮ ಹೆರೆದೆ, ತೆಂಗಿನೆಣ್ಣೆ ಕುಡಿಸಿ ಕೂರಿಸಿದೆ. ಹಿಡಿಕೆ ಒತ್ತಿದರೆ ಭಳಭಳ ನೀರು! ನೆಂಟರು ಹೋ ಅಂದರು.

ಆಗ ಒಳಗೆ ಭಟ್ಟರು ಜಪಕ್ಕೆ ಚರ್ಮ ಬಿಡಿಸಿದರು. ಅವರ ಬಾಯಿಂದ ಬಂದದ್ದು ಮಂತ್ರವಲ್ಲ. ಅಜ್ಜಿ ಜಗ್ಗಲಿಲ್ಲ.

"ಎಂತಕ್ ಗಲಾಟಿ ಭಟ್ರೆ? ನೀವ್ ಕೂಕಂಡ್ರೆ ತೂತ್ ಕಾಂಬುದಿಲ್ಲ."

ಭಟ್ಟರು ಬಂದರು

ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಹಟ್ಟಿಯಂಗಡಿ, ಗುಲ್ವಾಡಿಯ ತನಕ ಪೌರೋಹಿತ್ಯ ಆ ಭಟ್ಟರದ್ದೇ. ಪಂಪು ಇದ್ದದ್ದೂ ಅವರು ಹೋಗುವ ಮನೆಗಳಲ್ಲೇ. ಅವರು ಒಂದು ಮಾತು ಆಡಿದರೆ ನನ್ನನ್ನು ಯಾರೂ ಅಂಗಳಕ್ಕೂ ಸೇರಿಸುವುದಿಲ್ಲ. ಬಂದ ನೀರೂ ನನ್ನನ್ನು ಉಳಿಸಲಿಲ್ಲ. ಹಡಗಿನ ದಿನ ಹಾಸಿಗೆ ಸುತ್ತಿ ಕಟ್ಟಿದೆ. ಅಮ್ಮ ದಾರಿಗೆ ಅವಲಕ್ಕಿ ಕಟ್ಟುತ್ತಿದ್ದಳು.

"ಹ್ವಾಯ್, ಪಂಪಿನವ ಇದ್ನಾ?"

ಭಟ್ಟರ ಸ್ವರ! ನಾನು ಹಿತ್ತಲ ಬಾಗಿಲಿಗೆ ಓಡಿದೆ. ಅಮ್ಮ ಅಡ್ಡ ನಿಂತಳು. "ಹೋಯಿ ಬೈಸ್ಕೋ. ಮಾಡದ್ದ್ ನೀನೇ ಅಲ್ದಾ?"

ಭಟ್ಟರು ಜಗಲಿಯಲ್ಲಿ ಕೂತು ಬೆವರು ಒರಸಿಕೊಂಡರು. "ನೀ ಬೊಂಬಾಯಿಗೆ ಹೊರಟಿದ್ಯಂಬ್ರಲೆ? ಹೋಪುಕಾಗ. ಮುಂಜಿಗೆ ಬಂದರೆಲ್ಲ ಮಡಿ ಪಂಪ್ ಬೇಕ್ ಅಂತ್ರ್. ಹೌದಾ ಭಟ್ರೆ, ಅದ್ ಮಡಿಯಾ ಅಂದ್ ನನ್ನನ್ನೇ ಕೇಂತ್ರ್. ನಾನೇ ಹೇಳದ್ದ್ ಮಾತ್, ಈಗ ಅಲ್ಲ ಅಂಬುಕಾತ್ತಾ?"

"ಹಂಗಾರೆ ನಂಗ್ ಬೈತಿಲ್ಯಾ?"

"ಬೈವುದ್ ಆಮೇಲೆ. ಮೊದ್ಲ್ ನಮ್ಮನಿ ಪಂಪ್ ಕಾಣ್. ಚರ್ಮದ ಸುದ್ದಿ ಕೇಂಡಲ್ಲಿಂದ ನನ್ನ್ ಹೆಂಡ್ತಿ ಅದನ್ ಮುಟ್ತಿಲ್ಲ. ಬಾವಿಯಿಂದ ನೀರ್ ಸೇದುಕೆ ನನ್ನನ್ನೇ ಹಾಕಿದ್ಲ್."

ಅಮ್ಮ ಹಾಸಿಗೆಯ ಹಗ್ಗ ಬಿಚ್ಚತೊಡಗಿದಳು. ನಾನು ಪಾನಾದ ಚೀಲ ಹೆಗಲಿಗೇರಿಸಿದೆ. ಆದರೂ ಕೇಳದೆ ವಿಧಿಯಿರಲಿಲ್ಲ. "ಭಟ್ರೆ, ಅದಕ್ಕೆ ಚರ್ಮ?"

ಭಟ್ಟರು ಆಚೀಚೆ ನೋಡಿ, ಕಂಕುಳಿಂದ ಅದೇ ಚರ್ಮ ತೆಗೆದು ಹಾಸಿದರು.

"ಈ ಸರ್ತಿ ಎಡ ಬದಿಗೆ ತೆಗಿ ಮಾರಾಯಾ. ಒಂದೇ ಬದಿಗ್ ತೂತ್ ಇದ್ರೆ ಕೂಕಂಬುಕೆ ಓರಿ ಆತ್ತ್."