ಹಬ್ಬದ ದಿನ ಕಚ್ಚಿಕೊಂಡ ಲೆನ್ಸು

ಕಾವ್ಯಾಗೆ 'ಬೇಡ' ಎನ್ನಲು ಬರುತ್ತಿರಲಿಲ್ಲ. ಎಲ್ಲ ಫಜೀತಿಗೂ ಅದೇ ಮೂಲ.

ಪೀಣ್ಯದ ಪುಟ್ಟ ಬೋಲ್ಟು ಕಾರ್ಖಾನೆಯಲ್ಲಿ ಅವಳ ಪಕ್ಕದ ಮೇಜಿನ ಬಾಲಾಜಿ ಹೊಸ ಕ್ಯಾಮೆರಾ ಕೊಂಡಿದ್ದ. ಹಳೆಯ ಕಾಲದ ಲೆನ್ಸನ್ನು ಹೊಸ ಕ್ಯಾಮೆರಾಗೆ ಜೋಡಿಸುವ ಅಡಾಪ್ಟರ್ ಎಂಬ ಬಳೆಯಂಥ ರಿಂಗನ್ನೂ ತರಿಸಿದ್ದ.

"ಆಯುಧಪೂಜೆ ದಿನ ನಿಮ್ಮ ತಂದೆಯವರ ಲೆನ್ಸ್ ತಗೊಂಡ್ಬನ್ನಿ ಕಾವ್ಯಾ. ಫ್ಯಾಕ್ಟರಿ ಪೂಜೆ ಫೋಟೋ ಅದ್ರಲ್ಲೇ ತೆಗೆಯೋಣ. ಸಕ್ಕತ್ತಾಗ್ ಬರುತ್ತೆ."

ಕಾವ್ಯಾ ತಲೆಯಾಡಿಸಿದಳು. ಅವಳು ಆಡಿಸಿದ್ದು ಅಡ್ಡಡ್ಡ. ಬಾಲಾಜಿಗೆ ಕಂಡದ್ದು ಉದ್ದುದ್ದ.

ಅವಳ ತಂದೆ ಈರಣ್ಣ ರಾಣೆಬೆನ್ನೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಅವರು ತೀರಿಕೊಂಡ ಮೇಲೆ ತಾಯಿ ಕಮಲಮ್ಮ ಸಾಮಾನೆಲ್ಲ ಯಾರುಯಾರಿಗೋ ಕೊಟ್ಟು, ಈ ಒಂದು ಲೆನ್ಸನ್ನು ಮಾತ್ರ ಬಾಗಲಗುಂಟೆಯ ಬಾಡಿಗೆ ಮನೆಗೆ ತಂದು ದೇವರ ಗೂಡಿನಲ್ಲಿ ಇಟ್ಟಿದ್ದರು. ಕಪ್ಪು ಮೈ, ಅದರ ಮೇಲೆ ಮೂರು ಮಾಸಿದ ವಿಭೂತಿ ಗೆರೆ. ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಹಲ್ಲಿ ಅತ್ತ ಹೊರಳಿದರೂ ಕಮಲಮ್ಮ ನೆಂಟರನ್ನು ಬೈಯುವ ಹಾಗೆ ಬೈಯುತ್ತಿದ್ದರು.

ಹಬ್ಬದ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಕಾವ್ಯಾ ಲೆನ್ಸನ್ನು ಊಟದ ಚೀಲಕ್ಕೆ ಇಳಿಸಿದಳು. ಮನೆಯ ಪೂಜೆ ಸಂಜೆ. ಅಷ್ಟರಲ್ಲಿ ಅದು ಗೂಡಿನಲ್ಲಿ ಕೂತಿದ್ದರೆ ಅಮ್ಮನಿಗೆ ಗೊತ್ತೇ ಆಗುವುದಿಲ್ಲ.

ಕಾರ್ಖಾನೆಯ ಪೂಜೆಯಾಯಿತು, ಬೂದುಗುಂಬಳ ಒಡೆಯಿತು, ಫೋಟೋಗಳೂ ಚೆನ್ನಾಗಿ ಬಂದವು. ಕ್ಯಾಮೆರಾದಿಂದ ರಿಂಗು ಸಲೀಸಾಗಿ ಬಿಟ್ಟುಕೊಂಡಿತು. ರಿಂಗಿನಿಂದ ಲೆನ್ಸು ಬರಲಿಲ್ಲ.

"ತಿರುಪಿನ ಥ್ರೆಡ್ ಒಳಗೆ ವಿಭೂತಿ ಪುಡಿ ಕೂತಿದೆ, ಕರಕರ ಅಂತಿದೆ" ಎಂದ ಬಾಲಾಜಿ, ಮುಖ ಕೆಂಪಗೆ ಮಾಡಿಕೊಂಡು. "ರಿಂಗ್ ಸಮೇತ ತಗೊಂಡ್ಹೋಗಿ ಕಾವ್ಯಾ, ನಿಧಾನಕ್ಕೆ ಕೊಡಿ."

"ಅಮ್ಮನಿಗೆ ಗೊತ್ತಾಗ್ಬಿಡುತ್ತೆ" ಎಂದಳು ಕಾವ್ಯಾ. ಕಣ್ಣು ಆಗಲೇ ತುಂಬಿತ್ತು.

ಲೇತ್ ವಿಭಾಗದ ಹಿರಿಯ ಹನುಮಂತರಾಯಪ್ಪ ಬಂದರು. "ಅಯ್ಯೋ, ಇಷ್ಟಕ್ಕೆ ಅಳ್ತಾರಾ ತಾಯಿ? ವೈಸಲ್ಲಿ ಕಚ್ಚಿಸಿ ಒಂದ್ ತಿರುವು ತಿರುವಿದ್ರೆ ಆಯ್ತು" ಎಂದವರು, ಮೇಜಿಗೆ ಬಿಗಿದಿದ್ದ ಕಬ್ಬಿಣದ ದವಡೆಯಂಥ ವೈಸಿನತ್ತ ನೋಡಿ ನಾಲಿಗೆ ಕಚ್ಚಿಕೊಂಡರು. ಅದರ ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆಯಲ್ಲಿ ಕುಂಕುಮ. "ಪೂಜೆ ಆದ್ ಮ್ಯಾಕೆ ಇವತ್ ಅದನ್ನ ಮುಟ್ಟಂಗಿಲ್ಲ ಕಣಮ್ಮಾ."

ಸ್ಪ್ಯಾನರುಗಳೂ ಸಾಲಾಗಿ ಕುಂಕುಮ ಇಟ್ಟುಕೊಂಡು, ಆರತಕ್ಷತೆಗೆ ಕೂತ ಮದುಮಕ್ಕಳಂತೆ ವಿಶ್ರಾಂತಿಯಲ್ಲಿದ್ದವು. ಸುತ್ತ ನೂರಾರು ಕಾರ್ಖಾನೆ. ಒಂದರಲ್ಲೂ ಅವತ್ತು ಒಂದು ಇಕ್ಕಳ ಏಳುವಂತಿರಲಿಲ್ಲ.

ಉಳಿದದ್ದು ಟೀ ಕಾಸುವ ಚನ್ನಕ್ಕನ ಮೂಲೆ. ಚನ್ನಕ್ಕ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಸಂದಿಗೆ ಸುರಿದಳು. ಅದು ಸಂದಿಗೆ ಹೋಗುವ ಬದಲು ಮೈಯೆಲ್ಲ ಹರಿಯಿತು. ಬಿಸಿ ಟೀಯಲ್ಲಿ ಬಟ್ಟೆ ಅದ್ದಿ ರಿಂಗಿಗೆ ಸುತ್ತಿದಳು. ಲೆನ್ಸಿನಿಂದ ಏಲಕ್ಕಿ ವಾಸನೆ ಬಂತು, ಲೆನ್ಸು ಬರಲಿಲ್ಲ. ಆಮೇಲೆ ಹನುಮಂತರಾಯಪ್ಪ ಸೈಕಲ್ ಟ್ಯೂಬಿನ ತುಂಡು ಸುತ್ತಿ ಲೆನ್ಸು ಹಿಡಿದರು. ಎದುರು ನಿಂತ ಬಾಲಾಜಿ ರಿಂಗು ಹಿಡಿದ.

"ಬಲಕ್ಕೆ ತಿರುವು ಮಗಾ!"

"ನಾನೂ ಬಲಕ್ಕೇ ತಿರುವ್ತಾ ಇದೀನಿ ಗುರುವೇ!"

ಇಬ್ಬರೂ ಸೇರಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದಾರೆ ಎಂದು ಕಾವ್ಯಾಗೆ ಕಾಣುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು. ಕೊನೆಗೆ, ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ದನಿಯೆಲ್ಲ ಒಟ್ಟಿಗೇ ಹೊರಬಿತ್ತು:

"ಎಡಕ್ಕೆ ತಿರುಗ್ಸೀ!"

ಬೆಚ್ಚಿ ಇಬ್ಬರೂ ಎಡಕ್ಕೆ ತಿರುಗಿಸಿದರು. ಪಟ್ಟೆಂದು ಲೆನ್ಸು ಬಿಟ್ಟುಕೊಂಡಿತು. ಬಾಲಾಜಿ ರಿಂಗಿನ ಸಮೇತ ಪೂಜೆಗೆ ತಂದಿದ್ದ ಪುರಿಯ ಚೀಲದ ಮೇಲೆ ಬಿದ್ದು ಕೂತ.

"ಮೈಯೆಲ್ಲಾ ಗಲೀಜಾಗೋಯ್ತು. ಒರೆಸಿ ಕೊಡ್ಲೇನವ್ವಾ?" ಎಂದಳು ಚನ್ನಕ್ಕ.

ಹೇಗೂ ಸಂಜೆ ಅಮ್ಮ ಹೊಸ ವಿಭೂತಿ ಹಚ್ಚುತ್ತಾಳಲ್ಲ ಎಂದುಕೊಂಡಳು ಕಾವ್ಯಾ. ಈ ಸಲ ತಲೆಯನ್ನು ನಿಜವಾಗಿಯೂ ಉದ್ದುದ್ದ ಆಡಿಸಿದಳು. ಚನ್ನಕ್ಕ ಸೆರಗಿನಿಂದ ತಿಕ್ಕಿದಳು, ಉಜ್ಜಿದಳು. ಲೆನ್ಸು ಸ್ಟುಡಿಯೋಕ್ಕೆ ಬಂದ ಮೊದಲ ದಿನ ಹೇಗಿತ್ತೋ ಹಾಗೆ ಹೊಳೆಯಿತು.

ಮನೆಗೆ ಬಂದಾಗ ಕಮಲಮ್ಮ ಅಡುಗೆಮನೆಯಲ್ಲಿದ್ದರು. ಕಾವ್ಯಾ ಬೆಕ್ಕಿನ ಹೆಜ್ಜೆಯಲ್ಲಿ ಗೂಡಿನ ಹತ್ತಿರ ಹೋದಳು.

"ತಂದಿಯೇನವಾ?" ಒಳಗಿನಿಂದಲೇ ದನಿ ಬಂತು.

ಕಾವ್ಯಾ ಗಡಿಬಿಡಿಯಲ್ಲಿ ಲೆನ್ಸನ್ನು ಗೂಡಿನಲ್ಲಿ ಇಟ್ಟಳು.

"ಗೂಡು ಖಾಲಿ ಇದ್ದದ್ದು ಮುಂಜಾನೇ ನೋಡೀನಿ. ಒಯ್ಯಲಿ ಬಿಡು, ಎಷ್ಟು ದಿನ ಅಂತ ಕತ್ತಲದಾಗ ಕುಂದರಬೇಕು ಅದು, ಅವರ ಲೆನ್ಸು ನಾಕು ಮಂದಿ ಮುಖಾನರೇ ನೋಡ್ಲಿ ಅಂತ ಸುಮ್ಮನಿದ್ದೆ." ಕೈ ಒರೆಸಿಕೊಳ್ಳುತ್ತ ಬಂದ ಕಮಲಮ್ಮ ನಗುತ್ತಲೇ ಲೆನ್ಸು ಎತ್ತಿಕೊಂಡರು. ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ನಗು ಹಾಗೆಯೇ ನಿಂತುಕೊಂಡಿತು.

"ಗೆರಿ ಎಲ್ಲಿ ಕಾವ್ಯಾ?"

"ಒರೆಸಿದೆ ಅಮ್ಮಾ... ನೀನು ವರ್ಷಾ ವರ್ಷಾ ಹಚ್ಚೋದು..."

"ನಾ ಯಾವಾಗ ಹಚ್ಚೀನಿ? ಬರೇ ಹೂ ಇಡ್ತೀನಿ. ಅದೂ ಬೆರಳು ತಾಗದಂಗ." ಕಮಲಮ್ಮನ ದನಿ ತೀರ ಸಣ್ಣದಾಯಿತು. "ಕಡೀ ಹಬ್ಬದಾಗ ನಿಮ್ಮಪ್ಪ ಅವರ ಕೈಲೇ ಹಚ್ಚಿದ್ದವು."

ಲೆನ್ಸನ್ನು ತಟ್ಟೆಯಲ್ಲಿಟ್ಟು ಕಮಲಮ್ಮ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಅವಳ ಮುಂದಿಟ್ಟರು.

"ನೀ ಹಚ್ಚು. ನಿನ್ನ ಬೆರಳೂ ಅವರಂಗ ಉದ್ದ ಅದಾವು."

ಕಾವ್ಯಾ ಮೂರು ಬೆರಳು ಅದ್ದಿ ಲೆನ್ಸಿನ ಮೇಲೆ ಎಳೆದಳು. ಕೊಬ್ಬರಿ ಎಣ್ಣೆ ಕುಡಿದ ಆ ಮೈ ಮೇಲೆ ವಿಭೂತಿ ಹನಿಹನಿಯಾಗಿ ಒಡೆದು, ಒಂದೊಂದೇ ಗೆರೆ ಜಾರಿ ತಟ್ಟೆಗೆ ಬಿತ್ತು. ಮತ್ತೆ ಎಳೆದಳು. ಮತ್ತೆ ಜಾರಿತು. ದೇವರ ಗೂಡಿನ ತುಂಬ ಚನ್ನಕ್ಕನ ಟೀಯ ಏಲಕ್ಕಿ ವಾಸನೆ ಹರಡಿತ್ತು.