ನೀರು ಕುಡಿಯದ ಮಾಣಿಕ್ಯಮ್ಮನವರು

ಹೈದರಾಬಾದಿನ ಮಾಧಾಪುರದಲ್ಲಿರುವ ನಮ್ಮ ಕಂಪನಿಯು ಸ್ವಂತ ಉತ್ಪನ್ನವನ್ನು ತಾನೇ ತಯಾರಿಸುವ ಸಂಸ್ಥೆಯಾಗಿದ್ದು, ಪರರ ಕೆಲಸ ಮಾಡಿಕೊಡುವ ಕಂಪನಿಯವರನ್ನು ಕಂಡಾಗ ಕನಿಕರಪಡುವುದು ನಮಗೆ ಕಡ್ಡಾಯವಾಗಿದೆ. ಇಲ್ಲಿನ ಅನುಕೂಲಗಳು ಹಲವು: ಮಧ್ಯಾಹ್ನ ಪುಕ್ಕಟೆ ಬಿರಿಯಾನಿ, ಬೇಕೆಂದಾಗ ಚಹಾ, ಒರಗಲು ಮೆತ್ತೆ. ಅನಾನುಕೂಲ ಒಂದೇ. ಉತ್ಪನ್ನವನ್ನು ಯಾರಾದರೂ ಬಳಸಬೇಕು.

ನಮ್ಮ ತಂಡದ ಉತ್ಪನ್ನ ‘ಜಲಗಂಟೆ’, ನೀರು ಕುಡಿಯಿರೆಂದು ಮೊಬೈಲಿನಲ್ಲಿ ಗಂಟೆ ಬಾರಿಸುವ ಆ್ಯಪ್. ಕುಡಿದವರು ‘ಕುಡಿದೆ’ ಎಂಬ ಗುಂಡಿ ಒತ್ತಬೇಕು. ಇಡೀ ದೇಶದಲ್ಲಿ ಅದನ್ನು ಒತ್ತುತ್ತಿದ್ದವರು ಇದೇ ಊರಿನ ನಲ್ಲಕುಂಟ ಬಡಾವಣೆಯ ನಿವೃತ್ತ ಗಣಿತದ ಟೀಚರ್ ಮಾಣಿಕ್ಯಮ್ಮನವರೊಬ್ಬರೇ. ಬಳಸುವವರಿಲ್ಲದ ಉತ್ಪನ್ನವನ್ನು ತಂಡಸಮೇತ ಮುಚ್ಚತಕ್ಕದ್ದೆಂಬ ನಿಯಮವಿರುವುದರಿಂದ, ನಾವಿಷ್ಟೂ ಇಂಜಿನಿಯರುಗಳು ಆ ತಾಯಿಯ ಬೆರಳನ್ನೇ ನಂಬಿಕೊಂಡಿದ್ದೆವು.

ಒಂದು ಸೋಮವಾರ ಅವರು ಗುಂಡಿ ಒತ್ತಲಿಲ್ಲ. ಮಂಗಳವಾರವೂ ಇಲ್ಲ. ನಾನಂತೂ ಈ ಕೆಲಸ ನಂಬಿ ಮೊನ್ನೆಯಷ್ಟೇ ನಿಶ್ಚಿತಾರ್ಥ ಮಾಡಿಕೊಂಡಿದ್ದೆ. ಮ್ಯಾನೇಜರ್ ಫಣೀಂದ್ರ ಗಾರು ಬಿರಿಯಾನಿ ಬಿಟ್ಟೆದ್ದು, ಪೂತರೇಕುಲು ಸಿಹಿತಿಂಡಿಯ ಪೊಟ್ಟಣ ಹಿಡಿದು ನನ್ನನ್ನೂ ಕರೆದುಕೊಂಡು ನಲ್ಲಕುಂಟಕ್ಕೆ ಓಡಿದರು.

“ಡಾಕ್ಟರು ನೀರು ಕಮ್ಮಿ ಮಾಡಿ ಅಂದಿದಾರಪ್ಪ. ಹೃದಯಕ್ಕೆ ಭಾರವಂತೆ,” ಎಂದರು ಮಾಣಿಕ್ಯಮ್ಮ.

“ಅಯ್ಯೋ, ನೀವು ಕುಡೀಲೇಬೇಡಿ ಅಮ್ಮಾ. ಸುಮ್ನೆ ಒತ್ತಿ, ಸಾಕು,” ಎಂದರು ಫಣೀಂದ್ರ ಗಾರು.

“ಕುಡೀದೇನೇ ಕುಡಿದೆ ಅಂತ ಒತ್ತೋದಾ? ಸುಳ್ಳು ಹೇಳಿದ ಮಕ್ಕಳ ಕಿವಿ ಹಿಂಡಿದೋಳು ನಾನು! ನಿಮ್ಮ ಗಂಟೆಗೆ ಬುದ್ಧಿ ಇದ್ರೆ ಕುಡೀಬೇಡಿ ಅಂತ ಹೊಡ್ಕೊಳ್ಳಲಿ.”

ಫಣೀಂದ್ರ ಗಾರು ಅಲ್ಲೇ ಅವರ ಕಾಲಿಗೆ ಬಿದ್ದರು.

ಮರುವಾರ ಪ್ರಕಟಣೆ ಹೊರಟಿತು: “ಗ್ರಾಹಕರ ಅಪಾರ ಬೇಡಿಕೆಯ ಮೇರೆಗೆ ಜಲಗಂಟೆಯು ಇನ್ನು ಮುಂದೆ ನೀರು ಕುಡಿಯದಿರುವಂತೆ ನೆನಪಿಸತಕ್ಕದ್ದು.” ಗುಂಡಿಯ ಮೇಲೆ ‘ಕುಡಿಯಲಿಲ್ಲ’ ಎಂದು ಬಂತು. ಅದರ ಬಣ್ಣ ನಿರ್ಧರಿಸಲು ಸಮಿತಿ ನೇಮಕವಾಯಿತು. ಗಂಟೆ ಕೇಳಿದಾಗಲೆಲ್ಲ ಬಾಯಾರುತ್ತದೆಂದು ಮಾಣಿಕ್ಯಮ್ಮ ದೂರಿದರು. ದೂರುವುದೂ ಬಳಕೆಯೇ ಎಂದು ಸಮಿತಿ ಹರ್ಷ ವ್ಯಕ್ತಪಡಿಸಿತು.

ವರ್ಷಾಂತ್ಯದಲ್ಲಿ ಫಣೀಂದ್ರ ಗಾರು ನನ್ನ ಸಾಧನೆ ಕೇಳಿದರು. “ಒಬ್ಬರು ನೀರು ಕುಡಿಯಲಿಲ್ಲ ಸರ್,” ಎಂದೆ.

“ಭೇಷ್! ಆದ್ರೆ ಬೆಳವಣಿಗೆ ತೋರಿಸ್ಬೇಕಲ್ಲಯ್ಯಾ. ಮುಂದಿನ ವರ್ಷ ಇಬ್ಬರು ಕುಡೀಬಾರದು.”

ನ್ಯಾಯವಾದ ಮಾತು. ಕೂಡಲೇ ನಿಜಾಮಾಬಾದಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮಾ, ನೀರಿನ ಬಗ್ಗೆ ಡಾಕ್ಟರು ನಿಂಗೇನಾದ್ರೂ ಹೇಳಿದಾರಾ?”

“ಚೆನ್ನಾಗಿ ಕುಡೀರಿ ಅಂದಿದಾರೆ ಕಣೋ. ಯಾಕೆ?”

“ಬೇರೆ ಡಾಕ್ಟರಿಗೆ ತೋರಿಸೋಣಮ್ಮ.”

“ಆ ಕಂಪ್ನಿ ಸೇರಿದ್ಮೇಲೆ ನನ್ನ ಮೇಲೆ ಎಷ್ಟು ಕಾಳಜಿ ಬಂತೋ ನಿಂಗೆ!” ಎಂದು ಅಮ್ಮ ಹಿಗ್ಗಿದಳು. ಭಾನುವಾರವೇ ಹೊರಟು ಬರಲು ಒಪ್ಪಿದಳು.