ಅತ್ತೆ ಕ್ಲಚ್, ನಾನು ಗಿಯರ್

ನಮ್ಮ ಸೋದರತ್ತೆಗೆ ಎರಡು ಕೈಗಳಿರುವುದು ನಿಜ. ಆದರೆ ಅವಳ ಲೆಕ್ಕದಲ್ಲಿ ಎಡಗೈ ಎಂಬುದು ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ ಇದ್ದ ಹಾಗೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗಾಡಿಯೇನೂ ನಿಲ್ಲುವುದಿಲ್ಲ!

ಧಾರವಾಡ ಕಡೆಯ ಈ ಅರವತ್ಮೂರರ ಹೆಣ್ಣುಮಗಳು ಮರಾಠಿ ಸೀಮೆಯ ನೆರೂಳಕ್ಕೆ ಬಂದು ಮೂವತ್ತು ವರ್ಷ ದಾಟಿದೆ. ನನ್ನ ಆಫೀಸು ಪಕ್ಕದ ಸೀವುಡ್ಸ್‌ನಲ್ಲಿರುವುದರಿಂದ ನಾನೂ ಅವಳ ಮನೆಯಲ್ಲೇ ಇದ್ದೇನೆ. ಪ್ರತಿ ಶನಿವಾರ ಬೆಳಿಗ್ಗೆ ತನ್ನ ಪುಟ್ಟ ಹಳೆಯ ಕಾರಿನಲ್ಲಿ ಕಲ್ಯಾಣಕ್ಕೆ ಹೋಗಿ ಅಲ್ಲಿಯ ಕನ್ನಡಿಗರ ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುವುದು ಅವಳ ವ್ರತ. ಆನೆಯ ಚಿತ್ರ ತೋರಿಸಿ "ಇದು ಏನು?" ಎಂದು ಕೇಳುತ್ತಾಳೆ. ಮಕ್ಕಳು ಒಕ್ಕೊರಲಿನಿಂದ "ಹಾಥೀ!" ಎನ್ನುತ್ತವೆ. ಅತ್ತೆಗೆ ಪರಮಾನಂದ. ಪ್ರಶ್ನೆಯಾದರೂ ತಿಳಿಯಿತಲ್ಲ!

ಒಂದು ಗುರುವಾರ ಸ್ಟೂಲು ಹತ್ತಿ ಫ್ಯಾನು ಒರೆಸುತ್ತಿದ್ದವಳು ಸ್ಟೂಲಿನ ಸಮೇತ ಕೆಳಗೆ ಬಂದಳು. ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಡಾಕ್ಟರು ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, "ಕೈ ಎತ್ತರದಲ್ಲಿಡಿ. ಬೆರಳು ಬಾತರೆ, ಜುಮ್ಮೆಂದರೆ ಕೂಡಲೇ ಬನ್ನಿ. ನಾನು ಹೇಳುವವರೆಗೆ ಗಾಡಿ ಮುಟ್ಟಬೇಡಿ" ಎಂದರು. ಅತ್ತೆ ಹಸುಳೆಯಂತೆ ತಲೆಯಾಡಿಸಿದಳು.

ಮರುದಿನ ನಾನು ಆಫೀಸಿನಿಂದ ಬಂದರೆ ಸೊಸೈಟಿಯ ವಾಚ್‌ಮನ್ ಹಲ್ಲು ಕಿರಿಯುತ್ತ, "ಮ್ಯಾಡಮ್ ನೆ ಆಜ್ ಗಾಡೀ ಏಕ್ ಹಾಥ್ ಸೆ ನಿಕಾಲೀ!" ಎಂದ. ಒಂದೇ ಕೈಯಲ್ಲಿ ಕಾರು ತೆಗೆದಳೇ! ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದೆ. ಅತ್ತೆ ಸಾವಕಾಶ ಮೆಂತೆಸೊಪ್ಪು ಬಿಡಿಸುತ್ತಿದ್ದಳು.

"ಡಾಕ್ಟರು ಗಾಡಿ ಮುಟ್ಟಬೇಡ ಅನ್ನಲಿಲ್ಲೇನು?"

"ಎಡಗೈಲೆ ಮುಟ್ಟಬ್ಯಾಡ ಅಂದ್ರು. ನಾ ಬಲಗೈಲೆ ಮುಟ್ಟೀನಿ."

"ಗಿಯರ್ ಎಡಗಡೆ ಇರ್ತದಲ್ಲ! ಅದನ್ನ ಹೆಂಗ ಹಾಕಿದಿ?"

"ಬಲಗೈ ಆ ಕಡೆ ಒಯ್ದು ಹಾಕಿದೆ. ಅಷ್ಟೊತ್ತು ಸ್ಟೀರಿಂಗ್ ಮ್ಯಾಲೆ ಪ್ಲಾಸ್ಟರ್ ಇಟ್ಟಿದ್ದೆ. ಭಾಳ ಗಟ್ಟಿ ಅದ, ನೋಡು!" ಎಂದು ಮೇಜಿಗೆ ಪ್ಲಾಸ್ಟರ್ ಕುಟ್ಟಿ ತೋರಿಸಿದಳು.

ನಾನು ಮೇಜನ್ನು ಅವಳಿಂದ ದೂರ ಎಳೆದೆ.

ಶನಿವಾರ ಬೆಳಗಾಯಿತು. ಅತ್ತೆ ಹೇಗೋ ಸೀರೆ ಸುತ್ತಿ, ತಲೆಗೆ ಸೆರಗು ಹೊದ್ದು, ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಕಲ್ ರೈಲಿನಲ್ಲಿ ಹೋಗೋಣವೆಂದೆ. "ಠಾಣೆ ಸ್ಟೇಷನ್ನಿನಾಗ ಗಾಡಿ ಬದಲಿ ಮಾಡೂದ್ರಾಗ ಇದ್ದ ಇನ್ನೊಂದು ಕೈನೂ ಮುರೀತದ" ಎಂದಳು. ಟ್ಯಾಕ್ಸಿ ಎಂದೆ. "ಅವರ ಎರಡು ಕೈಗಿಂತ ನನ್ನ ಒಂದು ಕೈ ಛೊಲೊ." ಈ ವಾರ ಕ್ಲಾಸು ಬಿಡು ಎಂದೆ. ಮುಖ ಸಣ್ಣದಾಯಿತು. "ಒಂದು ಶನಿವಾರ ತಪ್ಪಿತಂದ್ರ ಆ ಹುಡುಗ್ರು ಕರಾಟೆಗೆ ಸೇರತಾವ. ಮತ್ತ ಬರೂದಿಲ್ಲ. ನೀ ಬಾಜೂಕ ಕೂಡು. ನಾ ಹೇಳಿದಾಗ ಗಿಯರ್ ಹಾಕು. ಮುಗೀತು!"

ಒಂದು ಸಣ್ಣ ವಿಷಯ ಹೇಳಲು ಮರೆತೆ. ನನಗೆ ಡ್ರೈವಿಂಗ್ ಬರುವುದಿಲ್ಲ!

ಆದರೂ ಹತ್ತಿದೆ. ಅತ್ತೆ ಒಬ್ಬಳೇ ಹೋಗುವುದಕ್ಕಿಂತ ವಾಸಿ ಎಂದುಕೊಂಡೆ. ಈಗ ನೆನೆದರೆ ಅದೂ ಮೂರ್ಖತನವೇ. "ಫಸ್ಟ್!" ಎಂದರೆ ಮುಂದಕ್ಕೆ ತಳ್ಳಿದೆ, "ಸೆಕೆಂಡ್!" ಎಂದರೆ ಹಿಂದಕ್ಕೆ ಎಳೆದೆ. ದಾರಿಯಲ್ಲಿ ಸಿಗುವ ಮಹಾಪೆಯ ಏರಿನಲ್ಲಿ ಸಾಲುಗಟ್ಟಿದ ವಾಹನಗಳ ನಡುವೆ ನಮ್ಮ ಕಾರು ನಿಂತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. "ಹ್ಯಾಂಡ್‌ಬ್ರೇಕ್! ಹ್ಯಾಂಡ್‌ಬ್ರೇಕ್ ಎಳಿ!" ಎಂದು ಅತ್ತೆ ಕೂಗಿದಳು. ಅದೂ ಎಡಗೈಯ ಖಾತೆಯೇ ಎಂದು ನನಗೆ ಗೊತ್ತಾದದ್ದೇ ಆಗ! ಗಾಬರಿಯಲ್ಲಿ ನಾನು ಕೈಗೆ ಸಿಕ್ಕ ನೀರಿನ ಬಾಟಲಿ ಎಳೆದೆ. ಹಿಂದಿನ ಟೆಂಪೋಗೆ ಒಂದು ಗೇಣು ಇರುವಾಗ ಅತ್ತೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕ್ ಒತ್ತಿ ನಿಲ್ಲಿಸಿದಳು. ಟೆಂಪೋದವನು ಇಳಿದು ಬಂದು ನುಡಿದ ಮಾತುಗಳಿಂದ ನನ್ನ ಮರಾಠಿ ಶಬ್ದಸಂಪತ್ತು ಆ ಒಂದೇ ದಿನ ದುಪ್ಪಟ್ಟಾಯಿತು.

ಕಲ್ಯಾಣ ಇನ್ನೇನು ಬಂತೆನ್ನುವಾಗ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದಳು. ಪ್ಲಾಸ್ಟರ್ ನೋಡಿದಳು, ಗಿಯರಿನ ಮೇಲಿದ್ದ ನನ್ನ ಕೈ ನೋಡಿದಳು. "ಮಾವಶೀ, ಗಾಡೀ ಕೋಣ್ ಚಾಲವತಂಯ?" ಗಾಡಿ ಓಡಿಸುತ್ತಿರುವವರು ಯಾರೆಂದು ಕೇಳಿದಳು.

"ಹಮ್ ದೋನೋಂ!" ಎಂದು ಅತ್ತೆ ಹೆಮ್ಮೆಯಿಂದ ನಮ್ಮಿಬ್ಬರನ್ನೂ ತೋರಿಸಿದಳು. "ಮೈಂ ಕ್ಲಚ್, ಯೇ ಗಿಯರ್."

"ಲೈಸೆನ್ಸ್?"

ಅತ್ತೆ ತನ್ನದನ್ನು ಕೊಟ್ಟಳು. "ಆಣಿ ಗಿಯರ್‌ಚಂ?" ಎಂದು ಆಕೆ ನನ್ನತ್ತ ತಿರುಗಿದಳು. ಗಿಯರಿಗೆ ಲೈಸೆನ್ಸ್ ಇರಲಿಲ್ಲ.

ಪ್ಲಾಸ್ಟರ್ ಹಾಕಿಕೊಂಡು ಓಡಿಸಬಾರದೆಂದು ಎಲ್ಲಿ ಬರೆದಿದೆ, ತೋರಿಸು ಎಂದು ಅತ್ತೆ ವಾದಕ್ಕಿಳಿದಳು. ಆಕೆ ಸಿಟ್ಟಾಗಲಿಲ್ಲ. ಪ್ಲಾಸ್ಟರಿನ ಹೆಸರು ಹಿಡಿದು ಕಾನೂನಿನಲ್ಲಿ ಬರೆದಿರಲಿಕ್ಕಿಲ್ಲ, ಆದರೆ ಓಡಿಸಲು ಮೈ ಸರಿಯಿಲ್ಲವೆಂದು ಗೊತ್ತಿದ್ದೂ ಓಡಿಸುವುದು ಅಪರಾಧವೇ, ನಾಳೆ ಏನಾದರೂ ಆದರೆ ವಿಮೆಯವರೂ ಹತ್ತು ಪ್ರಶ್ನೆ ಕೇಳುತ್ತಾರೆ ಎಂದಳು. ಆಮೇಲೆ ತನ್ನ ಪೆನ್ನನ್ನು ಅತ್ತೆಯ ಎಡಗೈ ಬೆರಳುಗಳ ನಡುವೆ ಇಟ್ಟು, "ಇದನ್ನು ಒತ್ತಿ ಹಿಡಿಯಿರಿ, ಸಾಕು. ಬಿಟ್ಟುಬಿಡುತ್ತೇನೆ" ಎಂದಳು.

ಪೆನ್ನು ಜಾರಿ ರಸ್ತೆಗೆ ಬಿತ್ತು.

ಆಗ ನಾನು ಆ ಬೆರಳುಗಳನ್ನು ಸರಿಯಾಗಿ ನೋಡಿದೆ. ಬಾಳೆಹಣ್ಣಿನಂತೆ ಬಾತುಕೊಂಡು, ತುದಿಗಳು ನೀಲಿಯಾಗಿದ್ದವು! "ಅತ್ತೀ, ಇದು ಯಾವಾಗಿಂದ?" ಎಂದು ಅವಳ ಕೈ ಎತ್ತಿ ಹಿಡಿದೆ.

"ನಿನ್ನೆ ಸಂಜೀಲಿಂದ. ಬೆರಳು ಇದ್ದದ್ದ ತಿಳೀವಲ್ದು" ಎಂದಳು, ಯಾರದೋ ಬೆರಳಿನ ಸುದ್ದಿ ಹೇಳುವವಳಂತೆ.

ಪೊಲೀಸ್ ಹುಡುಗಿ ದಂಡದ ಚೀಟಿ ಹರಿಯುವ ಮೊದಲು ರಿಕ್ಷಾ ತಡೆದಳು. ಕಾರನ್ನು ತಾನೇ ಬದಿಗೆ ಹಚ್ಚಿ ಕೀಯನ್ನು ನನ್ನ ಕೈಗಿತ್ತಳು. ಹತ್ತಿರದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಸೀಳಿದರು. ಒಳಗೆ ಕೈ ಊದಿ ರಕ್ತ ಓಡಾಡಲು ಜಾಗವೇ ಇರಲಿಲ್ಲವಂತೆ. "ಇನ್ನು ಸ್ವಲ್ಪ ತಡವಾಗಿದ್ದರೆ ಈ ಕೈ ಕೆಲಸಕ್ಕೆ ಬರುತ್ತಿರಲಿಲ್ಲ" ಎಂದರು ಅಲ್ಲಿಯ ಡಾಕ್ಟರು. ಅತ್ತೆ ಮಾತ್ರ ಮಕ್ಕಳ ತಾಯಂದಿರಿಗೆ ಒಬ್ಬೊಬ್ಬರಾಗಿ ಫೋನು ಹಚ್ಚಿ, "ಮುಂದಿನ ಶನಿವಾರ ನಮ್ಮ ಹುಡುಗಿ ಬರ್ತಾಳ, ಲೋಕಲ್‌ನಾಗ" ಎಂದು ನನ್ನನ್ನು ಕೇಳದೆಯೇ ಏರ್ಪಾಡು ಮಾಡುತ್ತಿದ್ದಳು!

ಕಾರನ್ನು ಅಲ್ಲೇ ಬಿಟ್ಟು ಸಂಜೆ ಟ್ಯಾಕ್ಸಿಯಲ್ಲಿ ಮನೆಗೆ ಬಂದೆವು. ಬೆರಳಿಗೆ ಬಣ್ಣ ಮರಳಿತ್ತು. ನಾನು ಬೈಯಲೆಂದು ಇಡೀ ದಾರಿ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಾಚಣಿಗೆ ಹಿಡಿದು ಬಂದು ಕುರ್ಚಿಯಲ್ಲಿ ಕೂತ ನನ್ನ ಕಾಲ ಬಳಿ ನೆಲದ ಮೇಲೆ, ನನಗೆ ಬೆನ್ನು ಮಾಡಿ ಕೂತಳು. ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು.

"ಒಂದು ಹೆರಳು ಹಾಕ್ತೀಯೇನವಾ? ಒಂದು ಕೈಲೆ ಕಾರು ಹೊಡೀಬಹುದು. ಹೆರಳು ಹಾಕ್ಕೊಳ್ಳಾಕ ಆಗೂದಿಲ್ಲ."

ಮೂರು ದಿನದಿಂದ ಬಾಚದ ಕೂದಲು ಗಂಟುಗಂಟಾಗಿತ್ತು. ಒಂದೇ ಮನೆಯಲ್ಲಿದ್ದೂ ನನಗೆ ಕಂಡಿರಲಿಲ್ಲ. ನಾನು ಒಂದೊಂದೇ ಗಂಟು ಬಿಡಿಸತೊಡಗಿದೆ. ಅತ್ತೆ ತಲೆಯನ್ನು ನನ್ನ ಮೊಣಕಾಲಿಗೆ ಆನಿಸಿ, ಹೆರಳು ಮುಗಿಯುವ ಮೊದಲೇ ನಿದ್ದೆಹೋದಳು.